ಆಯಿಲ್ ನಲ್ಲಿ ಮತ್ತು ಕರ್ಮದ ಪ್ರಶ್ನೆ

ಕಾರಿನ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಲೋಹದ ತಟ್ಟೆಯನ್ನು ಗ್ಯಾರೇಜಿನವರು ಚೇಂಬರ್ ಎನ್ನುತ್ತಾರೆ. ಚೇಂಬರಿನ ಅತಿ ತಗ್ಗಿನ ಜಾಗದಲ್ಲಿ ಒಂದು ಬೋಲ್ಟು ಇರುತ್ತದೆ. ಹಳೆಯ ಆಯಿಲ್ ಹೊರಬರಬೇಕಾದರೆ ಆ ಬೋಲ್ಟನ್ನು ಬಿಚ್ಚಬೇಕು. ಕ್ವಿಕ್ ಡ್ರೈನ್ ವಾಲ್ವ್ ಎಂಬುದು ಆ ಬೋಲ್ಟಿನ ಜಾಗದಲ್ಲಿ ಕಾಯಂ ಆಗಿ ಕೂರಿಸುವ ಪುಟ್ಟ ಹಿತ್ತಾಳೆ ನಲ್ಲಿ. ಅದರೊಳಗೆ ತೂತುಳ್ಳ ಗುಂಡೊಂದಿರುತ್ತದೆ. ಹೊರಗಿನ ಹಿಡಿಯನ್ನು ಎತ್ತಿ ಕಾಲು ಸುತ್ತು ತಿರುಗಿಸಿದರೆ ತೂತು ನೇರಕ್ಕೆ ಬಂದು ಆಯಿಲ್ ಇಳಿಯುತ್ತದೆ, ತಿರುಗಿಸಿ ಹಿಂದಕ್ಕೆ ತಂದರೆ ನಿಲ್ಲುತ್ತದೆ. ತಾನಾಗಿ ತಿರುಗದಂತೆ ಸ್ಪ್ರಿಂಗ್ ಮತ್ತು ಕಚ್ಚು ಆ ಹಿಡಿಯನ್ನು ಹಿಡಿದಿಡುತ್ತವೆ. ಜಪಾನಿನ ಫ್ಯುಮೋಟೊ ಎಂಬ ಹೆಸರಿನದು ಇದರಲ್ಲಿ ಹೆಚ್ಚು ಪ್ರಸಿದ್ಧ. ಸೆಸ್ನಾದಂಥ ಸಣ್ಣ ವಿಮಾನಗಳ ಎಂಜಿನ್ನಿಗೆ ಇಂಥ ವಾಲ್ವ್ ಹಾಕುವುದು ಹಳೆಯ ರೂಢಿ. ಕಾರಿಗೆ ಬಂದಾಗ ಅದು ಮನೆಯಂಗಳದ ವಸ್ತುವಾಯಿತು.

ಅಂಥ ಅಂಗಳಗಳ ಸೀಮೆಯೊಂದನ್ನು ನೋಡೋಣ. ಯಲ್ಲಾಪುರ ತಾಲೂಕಿನ ಮಂಚಿಕೇರಿ ಶಿರಸಿ–ಯಲ್ಲಾಪುರ ರಸ್ತೆಯ ಮೇಲಿನ ಊರು. ಸುತ್ತಲಿನ ಅಡಿಕೆ ತೋಟಗಳ ಮನೆಗಳು ಒಂದಕ್ಕೊಂದು ದೂರ, ಊರಿನ ರಸ್ತೆಗೂ ದೂರ. ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಒಂಟಿಯಾಗಿ ನಿಂತ ಮನೆಯಲ್ಲಿ ಓಮ್ನಿಯೋ ಜೀಪೋ ಇದ್ದರೆ ಅದು ಶೋಕಿಯ ವಸ್ತುವಲ್ಲ. ಆಸ್ಪತ್ರೆಗೂ ಸೊಸೈಟಿಗೂ ಮದುವೆಮನೆಗೂ ಅದೇ ಗತಿ. ಪಂಪ್‌ಸೆಟ್ಟು, ಔಷಧಿ ಹೊಡೆಯುವ ಯಂತ್ರ, ಅಡಿಕೆ ಸುಲಿಯುವ ಯಂತ್ರ ಎಲ್ಲವನ್ನೂ ಸ್ವತಃ ಬಿಚ್ಚಿ ಜೋಡಿಸಿ ಅಭ್ಯಾಸವಿರುವ ಈ ಸೀಮೆಯ ಕೃಷಿಕನಿಗೆ ಮನೆಯಲ್ಲೇ ಆಯಿಲ್ ಬದಲಿಸುವುದು ಹೊಸ ಸಾಹಸವೇನಲ್ಲ. ಆದ್ದರಿಂದ ವಾಲ್ವ್ ಹಾಕಿಸಬಹುದೇ ಎಂಬುದಕ್ಕೆ ಇಲ್ಲಿ ತಾಂತ್ರಿಕ ಉತ್ತರ ಬೇಗ ಸಿಗುತ್ತದೆ. ಅದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ, ಅದಕ್ಕೆ ಅಷ್ಟು ಬೇಗ ಉತ್ತರವಿಲ್ಲ: ಮಾಡಲೇಬೇಕಾದ ಕೆಲಸವನ್ನು ಸುಲಭ ಮಾಡಿಕೊಂಡರೆ ಆ ಕೆಲಸದ ಬೆಲೆ ಕಡಿಮೆಯಾಗುತ್ತದೆಯೇ? ಮೈ ನೋಯದ ಕರ್ಮವೂ ಕರ್ಮವೇ?

ನೋವು ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಸಣ್ಣ ಪೆಟ್ರೋಲ್ ಕಾರಿನಲ್ಲಿ ಸುಮಾರು 3 ಲೀಟರ್ ಆಯಿಲ್ ಇರುತ್ತದೆ. 10,000 ಕಿಲೋಮೀಟರಿಗೋ ವರ್ಷಕ್ಕೋ ಒಮ್ಮೆ ಬದಲಿಸಬೇಕೆಂಬುದು ಇಂದಿನ ಹಲವು ಕಾರುಗಳ ಲೆಕ್ಕ. ಆಯಿಲ್ ಚೆನ್ನಾಗಿ ಹರಿಯಲೆಂದು ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾದ ಮೇಲೆ ಬೋಲ್ಟು ಬಿಚ್ಚುತ್ತಾರೆ. ಕೊನೆಯ ಸುತ್ತನ್ನು ಬೆರಳಿನಿಂದಲೇ ಬಿಚ್ಚಬೇಕಾದ್ದರಿಂದ ಬಿಸಿ ಆಯಿಲ್ ಮೊಣಕೈವರೆಗೆ ಇಳಿಯುತ್ತದೆ, ಬೋಲ್ಟು ಜಾರಿ ಕಪ್ಪು ಆಯಿಲ್ ತುಂಬಿದ ಬಾಣಲೆಗೆ ಬೀಳುತ್ತದೆ. ಬೋಲ್ಟಿನ ಕೆಳಗಿನ ತಾಮ್ರದ ಅಥವಾ ಅಲ್ಯುಮಿನಿಯಂ ವಾಷರನ್ನು ಪ್ರತಿಸಲ ಬದಲಿಸಬೇಕು. ಬಿಗಿ ಹೆಚ್ಚಾದರೆ ಅಲ್ಯುಮಿನಿಯಂ ಚೇಂಬರಿನ ಥ್ರೆಡ್ ಕಿತ್ತುಬರುತ್ತದೆ, ಕಡಿಮೆಯಾದರೆ ಸೋರುತ್ತದೆ. ವಾಲ್ವ್ ಈ ಇಡೀ ಪ್ರಕರಣವನ್ನು ಒಂದು ಹಿಡಿಯ ಕಾಲು ಸುತ್ತಿಗೆ ಇಳಿಸುತ್ತದೆ. ತುದಿಗೆ ಪೈಪು ಸಿಕ್ಕಿಸುವ ಬಗೆಯದಾದರೆ ಆಯಿಲನ್ನು ನೇರವಾಗಿ ಕ್ಯಾನಿಗೇ ಇಳಿಸಬಹುದು.

ಇಷ್ಟು ಸಲೀಸಾದ ಮೇಲೆ ಸಂಶಯ ಹುಟ್ಟುವುದು ಸಹಜ. ಕಷ್ಟಪಟ್ಟದ್ದೇ ದಕ್ಕುವುದು ಎಂಬ ನಂಬಿಕೆ ಮಲೆನಾಡಿನಲ್ಲಿ ಆಳವಾಗಿದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಹೇಳುವವರು ಎಷ್ಟೋ ಸಲ ಮೊಸರನ್ನು ಮರೆತು ಕೆಸರನ್ನೇ ಹೊಗಳುತ್ತಾರೆ.

ಈ ಸಂಶಯಕ್ಕೆ ಅತಿ ತೀಕ್ಷ್ಣವಾದ ರೂಪ ಕೊಟ್ಟದ್ದು ಚೀನದ ಪ್ರಾಚೀನ ಗ್ರಂಥ ಝುವಾಂಗ್‌ಝಿ. ಅದರ 12ನೆಯ ಅಧ್ಯಾಯದಲ್ಲಿ ಕನ್ಫ್ಯೂಶಿಯಸನ ಶಿಷ್ಯನೊಬ್ಬ ದಾರಿಯಲ್ಲಿ ಮುದುಕನೊಬ್ಬನನ್ನು ಕಾಣುತ್ತಾನೆ. ಮುದುಕ ಬಾವಿಗಿಳಿದು ಕೊಡದಲ್ಲಿ ನೀರು ಹೊತ್ತು ತಂದು ಪಾತಿಗೆ ಹೊಯ್ಯುತ್ತಿದ್ದಾನೆ. ಏತ ಕಟ್ಟಿದರೆ ಒಂದೇ ದಿನದಲ್ಲಿ ನೂರು ಪಾತಿಗೆ ನೀರುಣಿಸಬಹುದಲ್ಲ ಎಂದು ಶಿಷ್ಯ ಸೂಚಿಸುತ್ತಾನೆ. ಮುದುಕನಿಗೆ ಸಿಟ್ಟು ಬರುತ್ತದೆ. ಯಂತ್ರ ಬಂದಲ್ಲಿ ಯಂತ್ರದ ವ್ಯವಹಾರ ಬರುತ್ತದೆ, ಅದರಿಂದ ಮನಸ್ಸೇ ಯಂತ್ರವಾಗುತ್ತದೆ, ಏತ ಗೊತ್ತಿಲ್ಲವೆಂದಲ್ಲ, ಬಳಸಲು ನಾಚಿಕೆ ಎಂಬುದು ಅವನ ಉತ್ತರದ ಸಾರ. ಈ ಕಥೆಯನ್ನು ಇಂದಿನ ಕನ್ನಡ ಓದುಗ ಓದಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮುದುಕ ನಾಚಿದ ಆ ಏತವೇ ಈಗ ಶ್ರಮದ, ಬೆವರಿನ, ಕಳೆದುಹೋದ ಸರಳ ಬದುಕಿನ ಗುರುತಾಗಿ ಚಿತ್ರಗಳಲ್ಲಿ ಉಳಿದಿದೆ. ನಾಚಿಕೆಯ ಗೆರೆ ತಲೆಮಾರಿನಿಂದ ತಲೆಮಾರಿಗೆ ಸರಿಯುತ್ತದೆ. ಬೋಲ್ಟು ಬಿಚ್ಚುವುದು ನಿಜವಾದ ಕೆಲಸ, ನಲ್ಲಿ ತಿರುಗಿಸುವುದು ಸೋಮಾರಿತನ ಎನ್ನುವವನು ಆ ಗೆರೆಯನ್ನು ತನ್ನ ಪ್ರಾಯದ ಕಾಲದಲ್ಲಿ ಎಳೆದುಕೊಂಡಿದ್ದಾನೆ, ಅಷ್ಟೆ. ಹಾಗೆಂದು ಮುದುಕನ ಭಯ ಸುಳ್ಳಲ್ಲ. ಸುಲಭ ಮಾಡುವ ಸಾಧನ ಮನಸ್ಸನ್ನೂ ಬದಲಿಸೀತು ಎಂಬ ಅಂಶ ಹಾಗೆಯೇ ಉಳಿಯುತ್ತದೆ. ಅದಕ್ಕೆ ಮುಂದೆ ಬರಬೇಕಾಗುತ್ತದೆ.

ಸಾಧನ ಬದಲಾದರೆ ಕರ್ಮ ಬದಲಾಗುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತದಲ್ಲಿ ಅತ್ಯಂತ ಕೂಲಂಕಷವಾಗಿ ಚರ್ಚಿಸಿದವರು ಮೀಮಾಂಸಕರು. ಜೈಮಿನಿಯ ಸೂತ್ರ, ಅದರ ಮೇಲೆ ಶಬರನ ಭಾಷ್ಯ, ಕುಮಾರಿಲನ ವಾರ್ತಿಕ ಎಂದು ಬೆಳೆದ ಈ ಶಾಸ್ತ್ರವನ್ನು ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಮಾಧವನು ಜೈಮಿನೀಯ ನ್ಯಾಯಮಾಲೆಯಲ್ಲಿ ಸಂಗ್ರಹಿಸಿದ. ಗೋಕರ್ಣದ ವೇದಪಾಠವೂ ಸ್ವರ್ಣವಲ್ಲಿ, ಸೋದೆ ಮಠಗಳೂ ಹತ್ತಿರದಲ್ಲೇ ಇರುವ ಈ ಸೀಮೆಗೆ ಆ ಶಾಸ್ತ್ರದ ಹೆಸರು ಅಪರಿಚಿತವಲ್ಲ. ಅದರ ಪ್ರಸಿದ್ಧ ಉದಾಹರಣೆಯಂತೂ ಅಡಿಕೆ ಸುಲಿಯುವವರಿಗೆ ತಕ್ಷಣ ಅರ್ಥವಾಗುವಂಥದು.

ಯಾಗದಲ್ಲಿ ಅರ್ಪಿಸುವ ರೊಟ್ಟಿಗೆ, ಅಂದರೆ ಪುರೋಡಾಶಕ್ಕೆ, ಅಕ್ಕಿ ಬೇಕು. ಭತ್ತವನ್ನು ಕುಟ್ಟಬೇಕು ಎಂದು ವಿಧಿ ಹೇಳುತ್ತದೆ. ಕುಟ್ಟುವುದರ ಪ್ರಯೋಜನ ಕಣ್ಣಿಗೆ ಕಾಣುವಂಥದು: ಹೊಟ್ಟು ಹೋಗಬೇಕು. ಹೊಟ್ಟನ್ನು ಉಗುರಿನಿಂದಲೂ ಬಿಡಿಸಬಹುದಲ್ಲ, ಕುಟ್ಟಲೇಬೇಕೆಂದು ಹೇಳಿದ್ದೇಕೆ? ಮೀಮಾಂಸಕರ ಉತ್ತರ ಇದು: ಹಲವು ಉಪಾಯಗಳಿರುವಲ್ಲಿ ಶಾಸ್ತ್ರ ಒಂದನ್ನೇ ನಿಯಮಿಸಿದರೆ, ಆ ನಿಯಮವನ್ನು ಪಾಲಿಸುವುದರಿಂದ ಕಣ್ಣಿಗೆ ಕಾಣದ ಫಲವೊಂದು, ಅಂದರೆ ಅದೃಷ್ಟ, ಹುಟ್ಟುತ್ತದೆ. ಉಗುರಿನಿಂದ ಸುಲಿದರೂ ಅಕ್ಕಿ ಸಿಗುತ್ತದೆ, ಯಾಗ ಮಾತ್ರ ಕೆಡುತ್ತದೆ. ಅದೇ ಭತ್ತವನ್ನು ಊಟಕ್ಕೆಂದು ಸುಲಿಯುವಾಗ ಅಂಥ ನಿಯಮವಿಲ್ಲ. ಒನಕೆಯಾದರೂ ಸರಿ, ಮಿಲ್ಲಾದರೂ ಸರಿ.

ಇದಕ್ಕೆ ಇನ್ನೊಂದು ಮುಖವಿದೆ. ಇಷ್ಟಿ ಎಂಬ ಬಗೆಯ ಒಂದು ಯಾಗದಲ್ಲಿ ಭತ್ತದ ಬದಲು ಕೃಷ್ಣಲ ಎಂಬ ಗುಲಗಂಜಿ ತೂಕದ ಚಿನ್ನದ ಕಾಳುಗಳನ್ನು ಚರುವಾಗಿ, ಅಂದರೆ ಬೇಯಿಸಿದ ಹವಿಸ್ಸಾಗಿ, ಬಳಸಬೇಕು. ಮೂಲ ಯಾಗದ ಅಂಗಗಳೆಲ್ಲ ಇಲ್ಲಿಗೂ ಬರುವುದಾದರೆ ಚಿನ್ನದ ಕಾಳನ್ನೂ ಕುಟ್ಟಬೇಕೇ? ಬೇಡ, ಎನ್ನುತ್ತದೆ ಜೈಮಿನಿ ಸೂತ್ರದ 10ನೆಯ ಅಧ್ಯಾಯ. ಚಿನ್ನಕ್ಕೆ ಹೊಟ್ಟಿಲ್ಲ, ಕಾಣುವ ಪ್ರಯೋಜನ ಇಲ್ಲವಾದಲ್ಲಿ ಆ ಕ್ರಿಯೆ ತಾನಾಗಿ ಬಿದ್ದುಹೋಗುತ್ತದೆ. ಆದರೆ ಅದೇ ಕಾಳನ್ನು ತುಪ್ಪದಲ್ಲಿ ಬೇಯಿಸಬೇಕೆಂದು ಪ್ರತ್ಯೇಕ ವಚನವಿರುವುದರಿಂದ, ಚಿನ್ನ ಬೇಯುವುದಿಲ್ಲವೆಂದು ಗೊತ್ತಿದ್ದೂ ಬೇಯಿಸಲೇಬೇಕು. ಯಜ್ಞದ ಹೆಸರಿನಲ್ಲಿ ಕಷ್ಟವನ್ನು ಪೂಜಿಸುತ್ತಾರೆಂದು ಮೀಮಾಂಸಕರನ್ನು ಗೇಲಿ ಮಾಡುವವರು ಈ ಅಧ್ಯಾಯವನ್ನು ಓದಿರುವುದಿಲ್ಲ. ಅನಗತ್ಯವಾದ ಒಂದು ಪೆಟ್ಟನ್ನೂ ಅವರು ಒನಕೆಗೆ ಉಳಿಸಲಿಲ್ಲ.

ಈ ಒರೆಗಲ್ಲಿಗೆ ಚೇಂಬರಿನ ಬೋಲ್ಟನ್ನು ಹಚ್ಚಿದರೆ ತೀರ್ಪು ಕಷ್ಟವಲ್ಲ. ಬೋಲ್ಟು ಬಿಚ್ಚುವುದರ ಪ್ರಯೋಜನ ಪೂರ್ತಿಯಾಗಿ ದೃಷ್ಟ: ಹಳೆಯ ಆಯಿಲ್ ಇಳಿಯಬೇಕು, ಮತ್ತೆ ಸೋರಬಾರದು. ಕೈಯಿಂದಲೇ ಬಿಚ್ಚಬೇಕೆಂಬ ನಿಯಮವಿಧಿ ಯಾವ ಶಾಸ್ತ್ರದಲ್ಲೂ ಇಲ್ಲ. ಕಾರಿನ ಕಂಪನಿಯ ಕೈಪಿಡಿ ಅವಧಿ, ದರ್ಜೆ, ಪ್ರಮಾಣ, ಬಿಗಿ ಎಲ್ಲವನ್ನೂ ವಿಧಿಸುತ್ತದೆ ನಿಜ, ಅದು ಅಪೌರುಷೇಯವೇನಲ್ಲ. ಅದರ ಪ್ರತಿ ಮಾತಿಗೂ ಕಾಣುವ ಕಾರಣವಿದೆ, ಕಾರಣ ಈಡೇರಿದರೆ ಉಪಾಯ ಬದಲಾಗಬಹುದು. ವಾರಂಟಿ ಇರುವವರೆಗೆ ಕಂಪನಿ ಹೇಳಿದ ಬೋಲ್ಟನ್ನೇ ಇಡಬೇಕೆಂಬುದು ಧರ್ಮದ ಮಾತಲ್ಲ, ಕರಾರಿನ ಮಾತು. ಯಾರಾದರೂ ತನ್ನ ಗಾಡಿಯ ಕೆಲಸವನ್ನು ಬರಿಗೈಯಿಂದಲೇ ಮಾಡುತ್ತೇನೆಂದು ವ್ರತ ತೊಟ್ಟಿದ್ದರೆ ಅದು ಬೇರೆ; ಆ ವ್ರತ ಅವನನ್ನು ಕಟ್ಟುತ್ತದೆ, ಪಕ್ಕದ ಮನೆಯವರನ್ನಲ್ಲ.

ಭಗವದ್ಗೀತೆ ಇದೇ ಪ್ರಶ್ನೆಯನ್ನು ಕೆಲಸ ಮಾಡುವವನ ಮನಸ್ಸಿನ ಕಡೆಯಿಂದ ನೋಡುತ್ತದೆ. 18ನೆಯ ಅಧ್ಯಾಯದಲ್ಲಿ ಮೈಗೆ ನೋವಾದೀತೆಂಬ ಹೆದರಿಕೆಯಿಂದ ಕರ್ತವ್ಯವನ್ನು ಬಿಡುವುದು ರಾಜಸ ತ್ಯಾಗ, ಅದರಿಂದ ತ್ಯಾಗದ ಫಲವಿಲ್ಲ ಎಂಬ ನಿರ್ಣಯವಿದೆ. 17ನೆಯ ಅಧ್ಯಾಯ ಇನ್ನೊಂದು ತುದಿಯನ್ನು ಖಂಡಿಸುತ್ತದೆ: ಶಾಸ್ತ್ರವಿಲ್ಲದೆ ಶರೀರವನ್ನು ಹಿಂಸಿಸುವ ತಪಸ್ಸು ಆಸುರ ಸ್ವಭಾವದ್ದು. ಎರಡನ್ನೂ ಸೇರಿಸಿ ಓದಿದಾಗ, ಕೆಲಸವನ್ನು ಬಿಡುವುದಕ್ಕೂ ಕೆಲಸದ ನೋವನ್ನು ತೆಗೆಯುವುದಕ್ಕೂ ನಡುವೆ ಇರುವ ಅಂತರ ಸ್ಪಷ್ಟವಾಗುತ್ತದೆ. ಬೋಲ್ಟಿನ ಕಿರಿಕಿರಿಗೆ ಬೇಸತ್ತು ಈ ವರ್ಷ ಇರಲಿ, ಮುಂದಿನ ಮಳೆಗಾಲ ಕಳೆಯಲಿ ಎಂದು ಆಯಿಲನ್ನು ಹಾಗೆಯೇ ಬಿಟ್ಟು ಎಂಜಿನ್ ಸವೆಸುವವನು ಮೊದಲ ಬಗೆಯವನು. ನಲ್ಲಿ ಹಾಕಿಸಿ ಹೊತ್ತಿಗೆ ಸರಿಯಾಗಿ ಬದಲಿಸುವವನು ಏನನ್ನೂ ಬಿಟ್ಟಿಲ್ಲ.

ಇಲ್ಲಿ ನೋವು ಬರೀ ಸೊಂಟನೋವಿನ ಮಾತಲ್ಲ. ಸಂಸ್ಕರಿಸದ ಅಥವಾ ಅಲ್ಪ ಸಂಸ್ಕರಣೆಯ ಖನಿಜ ತೈಲಗಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿರಿಸಿದೆ. ಎಂಜಿನ್ನಿನಲ್ಲಿ ಬೆಂದ ಆಯಿಲನ್ನು ಇಲಿಗಳ ಚರ್ಮಕ್ಕೆ ಮತ್ತೆಮತ್ತೆ ಹಚ್ಚಿದಾಗ ಗೆಡ್ಡೆಗಳು ಎದ್ದಿವೆ. ವರ್ಷಕ್ಕೊಮ್ಮೆ ಕೈ ಕಪ್ಪಾಗುವ ಮನೆಯ ಯಜಮಾನನಿಗಿಂತ ದಿನವಿಡೀ ಗಾಡಿಗಳ ಕೆಳಗೆ ಮಲಗುವ ಗ್ಯಾರೇಜಿನ ಹುಡುಗನಿಗೆ ಈ ಮಾತು ಹೆಚ್ಚು ಅನ್ವಯ. ಶ್ರಮ ಪವಿತ್ರ ಎನ್ನುವವರು ಯಾರ ಶ್ರಮ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಅಡಿಕೆ ಕೊನೆ ಕೊಯ್ಯಲು ಮರ ಹತ್ತಿ ಬಿದ್ದ ಕೊನೆಗೌಡರ ಕಥೆ ಗೊತ್ತಿರುವ ಊರುಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಾಗ ಕೊನೆ ಕೊಯ್ಲಿನ ಪಾವಿತ್ರ್ಯ ಹೋಯಿತೆಂದು ಯಾರೂ ಕೊರಗಲಿಲ್ಲ.

12ನೆಯ ಶತಮಾನದ ಶರಣರ ಕಾಯಕ ತತ್ವವನ್ನು ಸಾಮಾನ್ಯವಾಗಿ ದುಡಿಮೆಯ ಹೊಗಳಿಕೆಯಾಗಿ ಉಲ್ಲೇಖಿಸುತ್ತಾರೆ. ಆಯ್ದಕ್ಕಿ ಮಾರಯ್ಯ–ಲಕ್ಕಮ್ಮರ ಕಥೆ ಬೇರೆ ಮಾತನ್ನು ಹೇಳುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. ಅವಳು ತೂಗಿದ್ದು ಬೆವರನ್ನಲ್ಲ. ಕೆಲಸ ಎಷ್ಟು ಬೇಕೋ ಅಷ್ಟಿರಬೇಕು, ಅದರ ಫಲ ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಬೇಕು ಎಂಬುದೇ ಅವಳ ಲೆಕ್ಕ. ಈ ಲೆಕ್ಕ ಆಯಿಲಿನ ವಿಚಾರದಲ್ಲಿ ಮತ್ತೆ ಬೇಕಾಗುತ್ತದೆ.

ಯಂತ್ರದ ವಿರೋಧಿಯೆಂದು ಹೆಸರಾದ ಗಾಂಧಿಯವರೂ ಈ ವಿಷಯದಲ್ಲಿ ಝುವಾಂಗ್‌ಝಿಯ ಮುದುಕನಲ್ಲ. 1909ರ ಹಿಂದ್ ಸ್ವರಾಜ್ ಯಂತ್ರನಾಗರಿಕತೆಯನ್ನು ಕಟುವಾಗಿ ಟೀಕಿಸಿತು. ಆದರೆ 1924ರಲ್ಲಿ ಅವರು ಸಿಂಗರ್ ಹೊಲಿಗೆ ಯಂತ್ರವನ್ನು ವಿನಾಯಿತಿಯಾಗಿ ಒಪ್ಪಿದರು. ಹೆಂಡತಿ ಕೈಯಲ್ಲಿ ಹೊಲಿಯುವ ಬವಣೆಯನ್ನು ನೋಡಲಾರದೆ ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದನೆಂಬುದು ಅವರು ಕೊಟ್ಟ ಕಾರಣ. 1929ರಲ್ಲಿ ಅವರ ಅಖಿಲ ಭಾರತ ಚರಕ ಸಂಘ ಉತ್ತಮ ಚರಕದ ವಿನ್ಯಾಸಕ್ಕೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತು. ಮನೆಯಲ್ಲೇ ಮಾಡುವ ಕೆಲಸವನ್ನು ಮನೆಯಲ್ಲೇ ಉಳಿಸಿ ಹಗುರಗೊಳಿಸುವ ಸಾಧನಕ್ಕೆ ಅವರ ವಿರೋಧವಿರಲಿಲ್ಲ. ಆ ಅಳತೆಯಲ್ಲಿ ಡ್ರೈನ್ ವಾಲ್ವ್ ಸಿಂಗರ್ ಯಂತ್ರದ ಬಳಗಕ್ಕೆ ಸೇರುತ್ತದೆ.

ಹಾಗಾದರೆ ಮುದುಕನ ಭಯಕ್ಕೆ ಏನು ಉತ್ತರ? ಅಮೆರಿಕದ ತತ್ವಜ್ಞ ಆಲ್ಬರ್ಟ್ ಬೋರ್ಗ್‌ಮನ್ 1984ರ ತನ್ನ ಪುಸ್ತಕದಲ್ಲಿ ಆಧುನಿಕ ಸಾಧನಗಳು ಫಲವನ್ನು ಕೈಗಿತ್ತು ಅದರ ಹಿಂದಿನ ಕೆಲಸವನ್ನು ಕಣ್ಮರೆ ಮಾಡುತ್ತವೆ ಎಂದು ವಾದಿಸಿದ. ಬೈಕ್ ರಿಪೇರಿ ಅಂಗಡಿ ನಡೆಸುತ್ತಿದ್ದ ತತ್ವಶಾಸ್ತ್ರಜ್ಞ ಮ್ಯಾಥ್ಯೂ ಕ್ರಾಫರ್ಡ್ 2009ರಲ್ಲಿ ಆಯಿಲ್ ಅಳೆಯುವ ಕಡ್ಡಿಯೇ ಇಲ್ಲದ ಕಾರುಗಳನ್ನು ಇದಕ್ಕೆ ನಿದರ್ಶನವಾಗಿ ತೋರಿಸಿದ. ವಾಲ್ವ್ ಅಷ್ಟರಮಟ್ಟಿಗೆ ಏನನ್ನೂ ಮುಚ್ಚುವುದಿಲ್ಲ. ಗ್ಯಾರೇಜಿಗೆ ಬಿಟ್ಟುಬರುತ್ತಿದ್ದವನನ್ನು ಅದು ಗಾಡಿಯ ಬಳಿಗೇ ಕರೆತರುತ್ತದೆ. ಆದರೂ ಬೋಲ್ಟಿನ ಕೆಲಸ ಹೇಳದೆಯೇ ಮಾಡುತ್ತಿದ್ದ ಒಂದು ಉಪಕಾರವಿತ್ತು. ಬೋಲ್ಟು ಬಿಚ್ಚಲು ಕೆಳಗೆ ತೂರಿದವನಿಗೆ ಹರಿದ ರಬ್ಬರ್ ಬೂಟು, ಜಿನುಗುವ ಸೀಲು, ಕಲ್ಲು ಬಡಿದ ಸೈಲೆನ್ಸರ್ ಕಾಣುತ್ತಿದ್ದವು. ಬೋಲ್ಟಿಗೆ ಅಂಟಿದ ಲೋಹದ ಚೂರು ಎಂಜಿನ್ನಿನ ಒಳಗಿನ ಸುದ್ದಿ ಹೇಳುತ್ತಿತ್ತು. ನಲ್ಲಿ ತಿರುಗಿಸಿ ಏಳುವವನಿಗೆ ಇವು ತಾವಾಗಿ ಕಾಣುವುದಿಲ್ಲ. ಮೊದಲು ಅನಿವಾರ್ಯವಾಗಿ ಆಗುತ್ತಿದ್ದ ನೋಟವನ್ನು ಈಗ ಬೇಕೆಂದೇ ನೋಡಬೇಕು. ಯಂತ್ರದ ಮನಸ್ಸು ಹುಟ್ಟುವುದಿದ್ದರೆ ಈ ನೋಟ ತಪ್ಪುವಲ್ಲಿ, ನಲ್ಲಿಯಲ್ಲಲ್ಲ.

ವಾಲ್ವಿನದೇ ಆದ ಎಚ್ಚರಗಳೂ ಇವೆ. ಅದು ಚೇಂಬರಿನಿಂದ ಬೋಲ್ಟಿಗಿಂತ ಹೆಚ್ಚು ಕೆಳಗೆ ಚಾಚಿಕೊಳ್ಳುತ್ತದೆ. ತೋಟದ ದಾರಿಯ ಚಿರೇಕಲ್ಲು, ಮಳೆಗಾಲದಲ್ಲಿ ಕೊರೆದುಹೋದ ಗಾಡಿಜಾಡಿನ ನಡುದಿಬ್ಬ ಅದಕ್ಕೆ ತಾಗಿದರೆ ನಡುದಾರಿಯಲ್ಲಿ ಆಯಿಲ್ ಖಾಲಿ. ಎತ್ತರದ ಜೀಪಿಗೆ ಸಲ್ಲುವುದು ತಗ್ಗಿನ ಕಾರಿಗೆ ಸಲ್ಲಲಿಕ್ಕಿಲ್ಲ. ಕೆಳಗೆ ರಕ್ಷಣೆಯ ತಗಡಿದ್ದರೆ ಧೈರ್ಯ. ಥ್ರೆಡ್ಡಿನ ಅಳತೆ ಗಾಡಿಯಿಂದ ಗಾಡಿಗೆ ಬೇರೆ. ತೂತು ಕಿರಿದಾದ್ದರಿಂದ ಆಯಿಲ್ ನಿಧಾನ ಇಳಿಯುತ್ತದೆ; ತಳದಲ್ಲಿ ಸ್ವಲ್ಪ ಉಳಿಯಲೂಬಹುದು. ಫಿಲ್ಟರ್ ಬದಲಿಸುವ ಕೆಲಸಕ್ಕೆ ಇದರಿಂದ ಯಾವ ರಿಯಾಯಿತಿಯೂ ಇಲ್ಲ.

ನಿಜವಾದ ಧರ್ಮಪ್ರಶ್ನೆ ಇರುವುದು ಇಳಿದ ಆಯಿಲಿನಲ್ಲಿ. ಎಂಜಿನ್ನಿನಿಂದ ತೆಗೆಯುವುದು ಎಷ್ಟು ಸುಲಭವಾಯಿತೋ ಎಲ್ಲೆಂದರಲ್ಲಿ ಚೆಲ್ಲುವುದೂ ಅಷ್ಟೇ ಸುಲಭವಾಯಿತು. ಗ್ಯಾರೇಜಿನಲ್ಲಿ ಬದಲಿಸಿದರೆ ಅಲ್ಲಿನ ಡ್ರಮ್ಮಿಗೆ ಸೇರಿ ಹಳೆ ಆಯಿಲ್ ಕೊಳ್ಳುವವರ ಕೈಗೆ ಹೋಗುತ್ತದೆ. ಮನೆಯಲ್ಲಿ ಬದಲಿಸಿದರೆ? ಬೇಲಿಯ ಗೂಟಕ್ಕೆ, ಮಾಡಿನ ಬಿದಿರಿಗೆ, ಕೊಟ್ಟಿಗೆಯ ಕಂಬಕ್ಕೆ ವರಲೆ ಹತ್ತದಿರಲೆಂದು ಬಳಿಯುವುದು ಹಳ್ಳಿಗಳಲ್ಲಿ ಹಳೆಯ ಪದ್ಧತಿ. ಜಾಣ ಉಳಿತಾಯದಂತೆ ಕಾಣುವ ಈ ಪದ್ಧತಿಯಲ್ಲಿ ಗೂಟದಿಂದ ಆಯಿಲ್ ಮಳೆಯ ಜೊತೆ ಮಣ್ಣಿಗಿಳಿಯುತ್ತದೆ. ಉಳಿದದ್ದು ತೋಟದ ಮೂಲೆಗೋ ಕಾಲುವೆಗೋ ಬೀಳುತ್ತದೆ.

ಮಂಚಿಕೇರಿಯ ಭೂಮಿಯಲ್ಲಿ ಚೆಲ್ಲಿದ್ದು ಚೆಲ್ಲಿದಲ್ಲಿ ನಿಲ್ಲುವುದಿಲ್ಲ. ಬೆಟ್ಟದ ಬುಡದಲ್ಲಿ ಒಸರುವ ಅಬ್ಬಿ ನೀರೇ ಎಷ್ಟೋ ಮನೆಗಳ ಕುಡಿಯುವ ನೀರು. ಹಳ್ಳಗಳು ಬೇಡ್ತಿಯನ್ನು ಸೇರುತ್ತವೆ, ಬೇಡ್ತಿ ಮಾಗೋಡಿನಲ್ಲಿ ಧುಮುಕಿ ಗಂಗಾವಳಿಯಾಗಿ ಗೋಕರ್ಣದ ಉತ್ತರಕ್ಕೆ ಕಡಲು ಸೇರುತ್ತದೆ. ಒಂದು ಬಾರಿ ಬದಲಿಸಿ ತೆಗೆದ ಹಳೆ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಬೇಡ್ತಿಗೆ ಅಣೆಕಟ್ಟು ಬೇಡವೆಂದು ನಿಂತ, 1983ರಲ್ಲಿ ಅಪ್ಪಿಕೋ ಚಳವಳಿಗೆ ಜನ್ಮವಿತ್ತ ಸೀಮೆ ಇದು. ಹೊರಗಿನವರು ಕಾಡು ಕಡಿಯುವಾಗ ಮರ ಅಪ್ಪಿಕೊಳ್ಳುವುದಕ್ಕಿಂತ ತನ್ನ ಅಂಗಳದ 3 ಲೀಟರನ್ನು ಜೋಪಾನ ಮಾಡುವುದು ಸಣ್ಣ ಕೆಲಸವಾಗಿ ಕಂಡೀತು. ನೋಡುವವರು ಯಾರೂ ಇಲ್ಲದ್ದರಿಂದ ಅದೇ ಹೆಚ್ಚು ಕಠಿಣ.

ಶಾಸ್ತ್ರದ ಮಾತೂ ಇಲ್ಲಿ ಅಸ್ಪಷ್ಟವಾಗಿಲ್ಲ. ಮನುಸ್ಮೃತಿಯ 4ನೆಯ ಅಧ್ಯಾಯ ನೀರಿಗೆ ಹಾಕಬಾರದ ಅಶುಚಿ ವಸ್ತುಗಳನ್ನು ಹೇಳುವಾಗ ವಿಷವನ್ನೂ ಸೇರಿಸಿದೆ. ಬೋಲ್ಟಿನ ವಿಷಯದಲ್ಲಿ ಸುಮ್ಮನಿದ್ದ ಶಾಸ್ತ್ರ ಆಯಿಲಿನ ವಿಷಯದಲ್ಲಿ ನಿಷೇಧ ಹೇಳುತ್ತದೆ, ಮತ್ತು ಈ ನಿಷೇಧಕ್ಕೆ ಕಾಣುವ ಕಾರಣವೂ ಇದೆ. ದೇಶದ ಕಾನೂನೂ ಇದೇ ದಿಕ್ಕಿನಲ್ಲಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಆಯಿಲ್ ಸೇರಿದೆ. 2023ರ ತಿದ್ದುಪಡಿಯ ಪ್ರಕಾರ 2024ರ ಏಪ್ರಿಲ್ 1ರಿಂದ ಅದನ್ನು ಮರುಸಂಸ್ಕರಣೆಗೆ ತಲುಪಿಸುವ ಹೊಣೆ ಆಯಿಲ್ ತಯಾರಿಸಿ ಮಾರುವ ಕಂಪನಿಗಳ ಮೇಲೂ ಬಿದ್ದಿದೆ.

ಆಯುಧಪೂಜೆಯ ದಿನ ಗಾಡಿ ತೊಳೆದು, ಹೂವು ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಈ ಸೀಮೆಯಲ್ಲಿ ದೀಪಾವಳಿಯ ದೊಡ್ಡಹಬ್ಬದಲ್ಲೂ ಎಷ್ಟೋ ಮನೆಗಳ ಗಾಡಿಗೆ ಪೂಜೆಯುಂಟು. ಪೂಜೆಯಲ್ಲಿ ಕ್ರಮ ತಪ್ಪಬಾರದು, ಅಲ್ಲಿ ನಿಯಮವೇ ಫಲ. ಸರ್ವಿಸಿನಲ್ಲಿ ಕ್ರಮ ಬದಲಾದರೂ ಅಡ್ಡಿಯಿಲ್ಲ, ಫಲ ತಪ್ಪಬಾರದು. ಎರಡನ್ನೂ ಕಲೆಸಿ ಬೋಲ್ಟಿಗೆ ಭಕ್ತಿಯನ್ನೂ ಹೊಳೆಗೆ ಆಯಿಲನ್ನೂ ಕೊಡುವುದು ತಲೆಕೆಳಗಾದ ಆಚಾರ.

ನಲ್ಲಿ ಹಾಕಿಸಲು ಧರ್ಮದ ಅಡ್ಡಿ ಏನೂ ಇಲ್ಲ. ಇಳಿದ ಆಯಿಲಿಗೆ ದಾರಿ ಮಾಡದೆ ಹಾಕಿಸುವುದಕ್ಕೆ ಇದೆ. ಅದಕ್ಕೆ ಬೇಕಾದ ವ್ಯವಸ್ಥೆ ಒಬ್ಬರ ಮನೆಯಲ್ಲಿ ಆಗುವಂಥದಲ್ಲ. 1923ರಲ್ಲೇ ಶಿರಸಿಯಲ್ಲಿ ತೋಟಗಾರರ ಮಾರಾಟ ಸಹಕಾರಿ ಸಂಘ ಕಟ್ಟಿಕೊಂಡ ನಾಡಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಗೊಬ್ಬರ, ಹಿಂಡಿ, ಮೈಲುತುತ್ತ ತರಲು ಜನ ಹೇಗೂ ಬರುವ ಊರಿನ ಸೊಸೈಟಿಗಳು ಬಾಗಿಲ ಪಕ್ಕ ಮುಚ್ಚಳವಿರುವ ಒಂದು ಡ್ರಮ್ ಇಟ್ಟು, ತುಂಬಿದಾಗ ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ಕೊಡಲಿ. ಹಳೆ ಕ್ಯಾನಿನಲ್ಲಿ ಆಯಿಲ್ ತುಂಬಿಟ್ಟುಕೊಂಡವರು ಮುಂದಿನ ಸಲ ಸೊಸೈಟಿಗೆ ಹೋಗುವಾಗ ಅದನ್ನು ಗಾಡಿಯಲ್ಲಿ ಇಟ್ಟುಕೊಂಡು ಹೋಗಲಿ.